ಪುಂಜಾಲಕಟ್ಟೆಯಿಂದ ಶುರುವಾಗುತ್ತಿದ್ದ ವಾಸನೆ

ವಾಸನೆ ಯಾವ ದಿನ ಶುರುವಾಯಿತು ಎಂದು ಕೇಳಿದರೆ ನನ್ನ ಬಳಿ ತಯಾರಾದ ಉತ್ತರವೊಂದಿದೆ. ಚೌತಿಯ ರಜೆ ಮುಗಿದ ಮರುದಿನ ಬೆಳಿಗ್ಗೆ, ಪುಂಜಾಲಕಟ್ಟೆಯಲ್ಲಿ, ಗಣಿತದ ಟೀಚರ್ ಕಾರು ಹತ್ತಿ ಬಾಗಿಲು ಹಾಕಿಕೊಂಡ ಮೇಲೆ. ಈ ಉತ್ತರ ಇಷ್ಟು ಚೊಕ್ಕವಾಗಿದೆ ಎಂಬ ಕಾರಣಕ್ಕೇ ನನಗೆ ಅದರ ಮೇಲೆ ನಂಬಿಕೆಯಿಲ್ಲ. ವಾಸನೆಗಳು ರಜೆ ಮುಗಿಯಲಿ ಎಂದು ಕಾಯುವುದಿಲ್ಲ. ಅದಕ್ಕೂ ಮೊದಲೇ ಬಂದಿರಬೇಕು, ನಾನು ಗಮನಿಸಿರಲಿಕ್ಕಿಲ್ಲ. ಅಥವಾ ಗಮನಿಸಿಯೂ ರಸ್ತೆ ಬದಿಯ ಮನೆಗಳಲ್ಲಿ ಒಣಹಾಕಿದ ರಬ್ಬರ್ ಶೀಟಿನದ್ದೆಂದು ಮುಂದೆ ಹೋಗಿರಬೇಕು. ಆದರೆ ನೆನಪಿಗೆ ಒಂದು ಬಾಗಿಲು ಬೇಕಾಗುತ್ತದೆ, ಬಾಗಿಲಲ್ಲಿ ಒಬ್ಬರು ನಿಂತಿರಬೇಕಾಗುತ್ತದೆ. ನನ್ನ ನೆನಪು ಅಲ್ಲಿ ಅವರನ್ನು ನಿಲ್ಲಿಸಿಬಿಟ್ಟಿದೆ.

ನಾನು ಬಂಟ್ವಾಳದಲ್ಲಿರುವವಳು. ಬೆಳ್ತಂಗಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಹೋಗುವ ದಾರಿಯ ನಡುವೆ ಪುಂಜಾಲಕಟ್ಟೆ ಸಿಗುತ್ತದೆ, ಅಲ್ಲಿ ನಮ್ಮ ಶಾಲೆಯ ಗಣಿತದ ಟೀಚರ ಮನೆ. ನನಗಿಂತ ಎಂಟು ವರ್ಷ ದೊಡ್ಡವರು, ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಬೇಸಿಗೆ ರಜೆಯಲ್ಲಿ ಅವರ ಬಲ ಮೊಣಕಾಲಿನ ಆಪರೇಶನ್ ಆಯಿತು. ಬಸ್ಸಿನಲ್ಲಿ ನಿಂತು ಹೋಗಲೇಬಾರದು ಎಂದು ಡಾಕ್ಟರು ಹೇಳಿದ್ದರು. ಬೆಳಗಿನ ಬಸ್ಸು ಪುಂಜಾಲಕಟ್ಟೆಗೆ ಬರುವಾಗ ಮೆಟ್ಟಿಲಿನಲ್ಲೂ ಜನ ಇರುತ್ತಾರೆ. ಜೂನ್‌ನಲ್ಲಿ ಶಾಲೆ ತೆರೆದಾಗ, ದಿನಾ ಒಬ್ಬಳೇ ಹೋಗುತ್ತೇನಲ್ಲ, ನನ್ನ ಜೊತೆ ಬನ್ನಿ ಎಂದು ನಾನೇ ಕರೆದೆ. ಮೊದಲ ದಿನ ಅವರು ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟು, ಉಸಿರು ಬಿಟ್ಟರು.

"ನೋಡಿ ಮಾರಾಯ್ತಿ, ನನ್ನ ನೌಕರಿ ಈಗ ನಿಮ್ಮ ಈ ಸೀಟಿನ ಮೇಲೆ ಉಂಟು. ಇದಿಲ್ಲದಿದ್ರೆ ನಾನು ಈಗಲೇ ರಾಜೀನಾಮೆ ಬರೆದು ಕೊಡ್ಬೇಕಿತ್ತು. ಬ್ರೇಕ್ ಮಾತ್ರ ಸ್ವಲ್ಪ ನಿಧಾನಕ್ಕೆ ಹಾಕಿ, ಆಯ್ತಾ?"

ನಾವಿಬ್ಬರೂ ನಕ್ಕೆವು. ಈ ನಗುವನ್ನು ನಾನು ನಂಬುತ್ತೇನೆ, ಏಕೆಂದರೆ ಅದರಿಂದ ನನಗೆ ಯಾವ ಲಾಭವೂ ಇಲ್ಲ.

ಊಟದ ಸಂಗತಿ ಹೇಳದೆ ಮುಂದೆ ಹೋಗಲಾಗುವುದಿಲ್ಲ. ನಾನು ಜೈನರ ಮನೆಯವಳು, ತವರು ಮೂಡುಬಿದಿರೆ. ಗಣಿತದ ಟೀಚರದ್ದು ಮೀನಿಲ್ಲದೆ ಅನ್ನ ಇಳಿಯದ ಮನೆ. ನಮ್ಮ ಸ್ಟಾಫ್ ರೂಮಿನಲ್ಲಿ ಎರಡು ಮೇಜುಗಳಿವೆ. ಮಧ್ಯಾಹ್ನ ಕಿಟಕಿ ಬದಿಯ ಮೇಜಿನಲ್ಲಿ ಸಸ್ಯಾಹಾರಿಗಳು ಕೂರುತ್ತಾರೆ, ಕಪಾಟಿನ ಬದಿಯದ್ದರಲ್ಲಿ ಉಳಿದವರು. ಹೀಗೆಂದು ಯಾರೂ ನಿಯಮ ಮಾಡಿಲ್ಲ. ಯಾರೂ ಯಾರನ್ನೂ ಎಬ್ಬಿಸಿಲ್ಲ. ಹೊಸಬರು ಬಂದರೆ ಮೂರನೆಯ ದಿನದೊಳಗೆ ತಮ್ಮ ಮೇಜು ಯಾವುದೆಂದು ಅವರಿಗೇ ತಿಳಿಯುತ್ತದೆ. ಅಷ್ಟು ವರ್ಷ ಒಂದೇ ಕೋಣೆಯಲ್ಲಿ ಉಂಡರೂ ಗಣಿತದ ಟೀಚರ ಬುತ್ತಿಯೊಳಗೆ ಏನಿರುತ್ತದೆ ಎಂದು ನಾನು ಇಣುಕಿರಲಿಲ್ಲ. ಗೊತ್ತಿದೆ ಎಂದುಕೊಂಡಿದ್ದೆ.

ಇನ್ನು ವಾಸನೆ. ನೆಲ ಒರಸಿ ಒಣಗದೆ ಉಳಿದ ಬಟ್ಟೆಯ ವಾಸನೆಯಿಂದ ಶುರುವಾಗುತ್ತಿತ್ತು. ಅದರ ಹಿಂದೆಯೇ ಇನ್ನೊಂದು, ಕೊಳೆತು ಸಿಹಿಯ ಕಡೆ ತಿರುಗಿದ್ದು, ಎ.ಸಿ.ಯ ಕಿಂಡಿಯಿಂದ ನೇರ ಮುಖಕ್ಕೆ ಬರುತ್ತಿತ್ತು. ಎರಡು ನಿಮಿಷ ಜೋರಾಗಿ, ಆಮೇಲೆ ಕಡಿಮೆ. ಕಡಿಮೆಯಾಗುತ್ತಿತ್ತೋ, ಮೂಗು ಸೋಲುತ್ತಿತ್ತೋ ಗೊತ್ತಿಲ್ಲ. ಮದ್ದಡ್ಕ ದಾಟುವ ಹೊತ್ತಿಗೆ ಇಬ್ಬರೂ ಪರೀಕ್ಷೆ, ಮಕ್ಕಳು, ಹೆಡ್ ಮಾಸ್ಟರು ಎಂದು ಮಾತಾಡುತ್ತಿರುತ್ತಿದ್ದೆವು. ಆದರೆ ನನ್ನ ತಲೆಯೊಳಗೆ ಬೇರೆ ಕೆಲಸ ನಡೆಯುತ್ತಿತ್ತು.

ನಾನು ಪರೀಕ್ಷಿಸಿ ನೋಡಿದೆ. ಬಂಟ್ವಾಳದಿಂದ ಪುಂಜಾಲಕಟ್ಟೆಯವರೆಗೆ ಎ.ಸಿ. ಹಾಕಿಕೊಂಡೇ ಬಂದೆ. ವಾಸನೆಯಿಲ್ಲ. ಅವರು ಹತ್ತಿದರು. ಮಳೆ ಬರುತ್ತಿತ್ತು, ಇಬ್ಬರ ಉಸಿರಿಗೆ ಗಾಜಿನ ಮೇಲೆ ಹಬೆ ಕೂತಿತು, ಹೊರಗಿನ ಗಾಳಿ ಬರಲಿ ಎಂದು ನಾನು ಎ.ಸಿ.ಯ ಹತ್ತಿರದ ಸಣ್ಣ ಕಡ್ಡಿಯನ್ನು ಸರಿಸಿದೆ, ಗಾಜು ತಿಳಿಯಾಯಿತು. ವಾಸನೆ ಬಂತು. ಮರುದಿನವೂ ಹಾಗೇ. ಮೂರನೆಯ ದಿನವೂ ಹಾಗೇ. ಸಂಜೆ ಅವರು ಪುಂಜಾಲಕಟ್ಟೆಯಲ್ಲಿ ಇಳಿಯುತ್ತಿದ್ದರು, ನಾನು ಕಡ್ಡಿಯನ್ನು ಮೊದಲಿನ ಜಾಗಕ್ಕೆ ಸರಿಸಿ ಒಬ್ಬಳೇ ಬಂಟ್ವಾಳದ ಕಡೆ ಹೊರಡುತ್ತಿದ್ದೆ, ಸ್ವಲ್ಪ ಹೊತ್ತಿನಲ್ಲಿ ವಾಸನೆ ಇರುತ್ತಿರಲಿಲ್ಲ. ವಿಜ್ಞಾನದ ಮಾಸ್ಟರಿಗೆ ಹೇಳಿದ್ದರೆ ಇದಕ್ಕಿಂತ ಒಳ್ಳೆಯ ಪ್ರಯೋಗ ಉಂಟಾ ಎನ್ನುತ್ತಿದ್ದರು. ನಾನು ಯಾರಿಗೂ ಹೇಳಲಿಲ್ಲ. ಒಬ್ಬಳೇ ಅನುಮಾನಪಡುವುದರಲ್ಲಿ ಒಂದು ಬಗೆಯ ಸುಖವಿದೆ, ಅದು ಹೇಳಿಕೊಂಡರೆ ಹೋಗುತ್ತದೆ.

ಉಪಾಯಗಳನ್ನು ಮಾಡಿದೆ. ಕನ್ನಡಿಗೆ ಸೆಂಟಿನ ಡಬ್ಬಿ ತೂಗಿಸಿದೆ. ಸೀಟಿನ ಕೆಳಗೆ ಲಿಂಬೆ ಹೋಳು ಇಟ್ಟೆ, ಅದು ಎರಡು ದಿನಕ್ಕೆ ಬೂಸ್ಟು ಹಿಡಿಯಿತು. ಬಟ್ಟಲಲ್ಲಿ ಕಾಫಿ ಪುಡಿ ಇಟ್ಟದ್ದು ವಗ್ಗದ ತಿರುವಿನಲ್ಲಿ ಮಗುಚಿ ನೆಲದ ಮ್ಯಾಟಿಗೆಲ್ಲ ಹರಡಿತು. ಬಂಟ್ವಾಳದ ಒಂದು ವಾಶಿಂಗ್ ಸೆಂಟರಿನಲ್ಲಿ ಒಳಗೆಲ್ಲ ಉಜ್ಜಿಸಿದೆ. ಸೆಂಟರಿನವರು ಕೊನೆಗೆ ಎಂತದೋ ಸ್ಟ್ರಾಬೆರಿಯ ಸ್ಪ್ರೇ ಹೊಡೆದರು. ಮರುದಿನ ಪುಂಜಾಲಕಟ್ಟೆಯಿಂದ ಮುಂದೆ ಕೊಳೆತ ಸ್ಟ್ರಾಬೆರಿಯ ವಾಸನೆ ಬಂತು. ಆಮೇಲೆ ನಾನು ತಂದಿಟ್ಟ ಕರ್ಪೂರದ ಡಬ್ಬಿಯನ್ನು ನೋಡಿದಾಗ ಗಣಿತದ ಟೀಚರ್ ಕೇಳಿದರು, "ಎಂತ ಮಾರಾಯ್ತಿ, ಕಾರಿಗೆ ದಿನಾ ಮಂಗಳಾರತಿಯಾ?"

"ಜಿರಳೆಗೆ," ಎಂದೆ.

ಅವರು ಕಿಂಡಿಯನ್ನು ತಮ್ಮ ಮುಖದಿಂದ ಆಚೆ ತಿರುಗಿಸಿಕೊಂಡರು. ಅದನ್ನೂ ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ತಪ್ಪು ಮಾಡಿದವರು ಹೀಗೆಯೇ ಮಾಡುತ್ತಾರೆ ಎಂದುಕೊಂಡೆ.

ವಾಸನೆಗೆ ಹೆಸರು ಕೊಟ್ಟವಳು ಅಮ್ಮ. ಭಾನುವಾರಗಳಲ್ಲಿ ಸಿದ್ಧಕಟ್ಟೆಯ ದಾರಿಯಲ್ಲಿ ಮೂಡುಬಿದಿರೆಗೆ ಹೋಗಿ ಅಮ್ಮನನ್ನು ಬಸದಿಗೆ ಕರೆದುಕೊಂಡು ಹೋಗುವುದು ರೂಢಿ. ಅಣ್ಣನ ಮನೆಯ ಅಂಗಳದಿಂದ ಬಸದಿಗೆ ಐದು ನಿಮಿಷದ ದಾರಿ. ಆ ದಿನವೂ ಮಳೆ. ಅಮ್ಮ ಕೂತಳು, ಬಾಗಿಲು ಹಾಕಿದಳು, ಒಂದು ನಿಮಿಷಕ್ಕೆ ಸೆರಗು ಮೂಗಿಗೆ ಹೋಯಿತು.

"ಉಂದು ಎಂಚಿನ ನಾತ?" ಎಂದು ತುಳುವಿನಲ್ಲಿ ಕೇಳಿದಳು. ಇದೆಂಥ ನಾತ ಎಂದು. ಆಮೇಲೆ ತಾನೇ ಉತ್ತರ ಹೇಳಿದಳು. "ಮೀನು. ಇದು ಮೀನೇ. ಇದರಲ್ಲಿ ಯಾರನ್ನು ಕೂರಿಸ್ತಿ ನೀನು?"

"ಶಾಲೆಯ ಟೀಚರ್. ಕಾಲು ನೋವು ಅವರಿಗೆ."

"ಕಾಲು ನೋವು ಸರಿ. ಬುತ್ತಿ ತರ್ತಾರಲ್ಲ, ಅದನ್ನು ಎಲ್ಲಿ ಇಡ್ತಾರೆ?"

"ಮಡಿಲಲ್ಲಿ."

"ಹಾಂ," ಎಂದಳು ಅಮ್ಮ. ಬಸದಿಯಿಂದ ಹೊರಗೆ ಬಂದ ಮೇಲೆ ನಡೆದೇ ಮನೆಗೆ ಹೋದಳು.

ಅಮ್ಮ ಹುಟ್ಟಿದಾರಭ್ಯ ಮೀನು ಮುಟ್ಟಿದವಳಲ್ಲ. ಮೀನಿನ ವಾಸನೆ ಅವಳಿಗೆ ಹೇಗೆ ಗೊತ್ತು ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ನನಗೂ ಆ ಹೆಸರು ಬೇಕಾಗಿತ್ತು.

ಸೋಮವಾರ ಮಧ್ಯಾಹ್ನ, ಊಟದ ಗಂಟೆಯ ನಂತರ, ಶಾಲೆಯ ಹಿಂದೆ ನಿಲ್ಲಿಸಿದ್ದ ಕಾರಿನ ಎಡಬಾಗಿಲು ತೆರೆದು, ಬಗ್ಗಿ, ಅವರು ಕೂರುವ ಸೀಟಿಗೆ ಮೂಗು ಇಟ್ಟು ಮೂಸಿ ನೋಡಿದೆ. ಒರಗುವಲ್ಲಿಯೂ ಮೂಸಿದೆ, ಕೂರುವಲ್ಲಿಯೂ ಮೂಸಿದೆ. ಇದನ್ನು ಬರೆಯುವಾಗ ಕೈ ಬೇರೆ ವಾಕ್ಯ ಹುಡುಕುತ್ತದೆ: ಸೀಟನ್ನು ಪರಿಶೀಲಿಸಿದೆ, ಸೀಟಿನ ಸಂದಿಯಲ್ಲಿ ಏನಾದರೂ ಬಿದ್ದಿದೆಯೋ ಎಂದು ನೋಡಿದೆ. ಹಾಗಲ್ಲ. ನಾಯಿ ಮೂಸುವ ಹಾಗೆ ಮೂಸಿದೆ. ತಲೆನೋವಿನ ಮುಲಾಮಿನ ವಾಸನೆ ಇತ್ತು, ಅಷ್ಟೇ. ಅದನ್ನು ಅವರು ಮೊಣಕಾಲಿಗೆ ಹಚ್ಚುತ್ತಿದ್ದರು. ಬೇರೆಯದನ್ನು ಮುಚ್ಚಲಿಕ್ಕೆ ಹಚ್ಚುತ್ತಾರೆಂದು ನನಗೆ ಅನ್ನಿಸಿತು.

ಮರುದಿನ ನಾನು ಅವರಿಗೆ ಆ ಮಾತು ಹೇಳಿದೆ.

ನನ್ನ ನೆನಪಿನಲ್ಲಿ ಅದು ಹೀಗಿದೆ: ಮಡಂತ್ಯಾರು ದಾಟಿದ್ದೆವು. ನಾನು ನಗುತ್ತಾ, "ಟೀಚರ್, ಕಾಲು ಚಾಚ್ಲಿಕ್ಕೆ ನಿಮಗೆ ಕಷ್ಟ ಆಗ್ತದಲ್ಲ, ನಾಳೆಯಿಂದ ಬುತ್ತಿಯನ್ನು ಹಿಂದೆ ಡಿಕ್ಕಿಯಲ್ಲಿ ಇಡುವನಾ?" ಎಂದೆ. ಮೃದುವಾದ ಮಾತು. ಅವರ ಕಾಲಿನ ಮೇಲಿನ ಕಾಳಜಿಯೂ ಇದೆ. ಈ ನೆನಪಿನಲ್ಲಿ ನನ್ನ ಮುಖ ನನಗೇ ಕಾಣಿಸುತ್ತದೆ, ನಗುತ್ತಿರುವುದು ಕಾಣಿಸುತ್ತದೆ. ಕಾರು ಓಡಿಸುವವಳಿಗೆ ತನ್ನ ಮುಖ ಕಾಣುವುದಿಲ್ಲ. ಹಾಗಾಗಿ ಇದು ನಾನು ಆಮೇಲೆ ಕೂತು ಮಾಡಿಕೊಂಡ ಚಿತ್ರ.

ಖಂಡಿತವಾಗಿ ಹೇಳಿದ್ದು ಇಷ್ಟೇ: "ಬುತ್ತಿ ಡಿಕ್ಕಿಯಲ್ಲಿ ಇಡುವ." ಅದರ ಹಿಂದೆ ಮುಂದೆ ಏನಿತ್ತು, ಸ್ವರ ಹೇಗಿತ್ತು, ಹೇಳಲಾರೆ. ಅವರು ಬುತ್ತಿಯ ಚೀಲದ ಮೇಲೆ ಎರಡೂ ಕೈ ಇಟ್ಟುಕೊಂಡರು. ಸಂಜೆ ಇಳಿಯುವಾಗ "ಥ್ಯಾಂಕ್ಸ್ ಮೇಡಂ" ಎಂದರು. ಅಲ್ಲಿಯವರೆಗೆ ನನಗೆ ಮೇಡಂ ಎನ್ನುತ್ತಿದ್ದವರು ಮಕ್ಕಳ ತಂದೆ ತಾಯಿಯರು ಮಾತ್ರ.

ರಾತ್ರಿ ಊಟಕ್ಕೆ ಮೊದಲು ಫೋನಿಗೆ ಮೆಸೇಜು ಬಂತು. "ನಾಳೆಯಿಂದ ಬಸ್ಸಲ್ಲಿ ಬರ್ತೇನೆ. ಕಾಲು ಈಗ ಪರವಾಗಿಲ್ಲ."

ಪರವಾಗಿಲ್ಲ ಎಂಬುದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ನಾನು ಸರಿ ಟೀಚರ್ ಎಂದು ಉತ್ತರ ಕಳಿಸಿದೆ. ಕೈ ಜೋಡಿಸಿದ ಒಂದು ಚಿತ್ರವನ್ನೂ ಕಳಿಸಿದೆ.

ಅವರಿಲ್ಲದ ಕಾರಿನಲ್ಲಿ ವಾಸನೆ ಹೋಗಬೇಕಿತ್ತು. ಹೋಗಲಿಲ್ಲ. ಒಳಗೆ ಹಿಡಿದದ್ದು ಹೊರಗೆ ಹೋಗಲಿ ಎಂದು ನಾನು ಆ ಕಡ್ಡಿಯನ್ನು ಹೊರಗಿನ ಗಾಳಿಯ ಕಡೆಗೇ ಸರಿಸಿಟ್ಟಿದ್ದೆ. ಈಗ ಬಂಟ್ವಾಳದಲ್ಲೇ ಶುರುವಾಗಿ ಬೆಳ್ತಂಗಡಿಯವರೆಗೂ ವಾಸನೆ ಇರುತ್ತಿತ್ತು. ಇಲ್ಲಿಯಾದರೂ ನನಗೆ ಸಂಶಯ ಬರಬೇಕಿತ್ತು, ನನ್ನ ಮೇಲೆ. ಆದರೆ ಅನುಮಾನ ತಾನು ಹೋಗುತ್ತಿದ್ದ ದಾರಿಯನ್ನು ಬಿಡುವುದಿಲ್ಲ. ಮೂರೂವರೆ ತಿಂಗಳು ಬುತ್ತಿ ಇಟ್ಟು ಇಟ್ಟು ಒಳಗೆಲ್ಲ ಇಳಿದುಬಿಟ್ಟಿದೆ, ಅಷ್ಟು ಬೇಗ ಹೋಗುತ್ತದಾ ಎಂದುಕೊಂಡೆ. ಅವರು ಇದ್ದಾಗ ಅವರದ್ದು, ಇಲ್ಲದಾಗಲೂ ಅವರದ್ದೇ.

ಒಂದು ಬೆಳಿಗ್ಗೆ ಮಡಂತ್ಯಾರಿನ ಏರಿನಲ್ಲಿ ಅವರ ಬಸ್ಸಿನ ಹಿಂದೆ ಸಿಕ್ಕಿಬಿದ್ದೆ. ಎದುರಿನಿಂದ ಸಾಲುಸಾಲು ಲಾರಿ, ಹಿಂದಿಕ್ಕಲು ಜಾಗವಿಲ್ಲ. ಹಿಂದಿನ ಗಾಜಿನಲ್ಲಿ ಅವರು ಕಾಣುತ್ತಿದ್ದರು. ಕಂಬಿ ಹಿಡಿದು ನಿಂತಿದ್ದರು. ಬಲಗಾಲನ್ನು ನೆಲದಿಂದ ಸ್ವಲ್ಪ ಎತ್ತಿ, ಕೊಕ್ಕರೆಯ ಹಾಗೆ. ಬಸ್ಸು ಬ್ರೇಕ್ ಹಾಕಿದಾಗಲೆಲ್ಲ ಆ ಕಾಲು ಕೆಳಗೆ ಬರಬೇಕಾಗುತ್ತಿತ್ತು, ಆಗ ಅವರ ಮುಖ ಗಾಜಿನ ಕಡೆ ತಿರುಗುತ್ತಿತ್ತು. ನನ್ನ ಪಕ್ಕದ ಸೀಟಿನಲ್ಲಿ ಕೈಚೀಲವೊಂದೇ ಇತ್ತು. ಅವರು ನನ್ನನ್ನು ನೋಡಿದರೋ ಇಲ್ಲವೋ. ನೋಡಿದರು ಎಂದು ಇಟ್ಟುಕೊಳ್ಳುತ್ತೇನೆ.

ಆ ವಾರ ಸ್ಟಾಫ್ ರೂಮಿನಲ್ಲಿ ಹೆಡ್ ಮಾಸ್ಟರು ಹೇಳಿದರು, ಗಣಿತದ ಟೀಚರ್ ರಾಜೀನಾಮೆಯ ಅರ್ಜಿ ಹೇಗೆ ಬರೆಯುವುದು ಎಂದು ವಿಚಾರಿಸಿದ್ದಾರೆ, ಕಾಲು ಕೇಳುವುದಿಲ್ಲವಂತೆ ಎಂದು. ಎಲ್ಲರೂ ಅಯ್ಯೋ ಪಾಪ ಎಂದರು. ನಾನೂ ಎಂದೆ.

ಮೂಡುಬಿದಿರೆಯಲ್ಲಿ ಕಾರುಗಳ ಎ.ಸಿ.ಯನ್ನೂ ಸೀಟನ್ನೂ ರಿಪೇರಿ ಮಾಡುವವರೊಬ್ಬರಿದ್ದಾರೆ ಎಂದು ಅಣ್ಣ ಹೇಳಿದ. ಭಾನುವಾರವೂ ತೆರೆದಿರುತ್ತದೆ. ಸೀಟಿನ ಬಟ್ಟೆಯನ್ನೇ ಬದಲಾಯಿಸಬೇಕಾ ಎಂದು ಕೇಳಲು ಅಲ್ಲಿಗೆ ಹೋದೆ, ವಾಸನೆಯ ಮೂಲ ಹುಡುಕಲು ಹೋಗಿದ್ದಲ್ಲ. ನಲವತ್ತರ ಆಸುಪಾಸಿನ ಮನುಷ್ಯ, ಮೊಣಕೈವರೆಗೆ ಗ್ರೀಸು.

"ಎ.ಸಿ. ಹಾಕಿದ ಕೂಡಲೇ ಬರ್ತದಾ ಅಕ್ಕ, ಸ್ವಲ್ಪ ಹೊತ್ತು ಬಿಟ್ಟಾ?"

"ಕೂಡಲೇ. ಆದರೆ ಇದು ಎ.ಸಿ.ಯದ್ದಲ್ಲ. ಸೀಟಿಗೆ ಹಿಡಿದದ್ದು. ಮೀನಿನದ್ದು."

"ಕಾರಲ್ಲಿ ಮೀನು ತರ್ತೀರಾ?"

"ನಾವು ತರುವುದಿಲ್ಲ," ಎಂದೆ. ನಾವು ಎಂಬಲ್ಲಿ ಸ್ವಲ್ಪ ಒತ್ತಿ.

ಅವನು ಒಳಗೆ ಕೂತು ಎ.ಸಿ. ಹಾಕಿ, ಕಿಂಡಿಗೆ ಮುಖ ಕೊಟ್ಟು, ಅಡುಗೆಯ ಉಪ್ಪು ನೋಡುವವರ ಹಾಗೆ ಕಣ್ಣು ಮುಚ್ಚಿದ. "ನಾನು ದಿನಾ ಎರಡು ಹೊತ್ತು ಮೀನು ತಿನ್ನುವವ ಅಕ್ಕ. ಇದು ಮೀನಲ್ಲ."

"ನಮ್ಮ ಅಮ್ಮ ಸಹ ಮೀನು ಅಂತಲೇ ಹೇಳಿದ್ದು."

"ತಿನ್ನದವರಿಗೆ ಎಲ್ಲದರಲ್ಲಿಯೂ ಅದೇ ಬರುದು," ಎಂದು ನಕ್ಕ. ಆಮೇಲೆ ಕಡ್ಡಿಯನ್ನು ಒಂದು ಕಡೆಗೆ ಸರಿಸಿದ. "ಈಗ ಮೂಸಿ." ವಾಸನೆ ಇಳಿಯಿತು. ಇನ್ನೊಂದು ಕಡೆಗೆ ಸರಿಸಿದ. "ಈಗ." ಬಂತು. ಮತ್ತೆ ಆ ಕಡೆ, ಮತ್ತೆ ಈ ಕಡೆ. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. "ಇದು ಕಾರಿನ ಒಳಗಿಂದು ಅಲ್ಲ ಅಕ್ಕ. ಒಳಗಿನ ಗಾಳಿಯೇ ತಿರುಗುವಾಗ ಇಲ್ಲ ನೋಡಿ. ಹೊರಗಿನ ಗಾಳಿ ಬರುವ ದಾರಿಯಲ್ಲಿ ಎಂತದೋ ಕೂತಿದೆ."

ನಾನು ಆ ಕಡ್ಡಿಯನ್ನೇ ನೋಡಿದೆ. ಅವರು ಹತ್ತಿದಾಗ ಗಾಜಿಗೆ ಹಬೆ. ಹಬೆಗೆ ಕಡ್ಡಿ. ಇಳಿದಾಗ ಕಡ್ಡಿ ವಾಪಸು. ದಿನಕ್ಕೆ ಎರಡು ಸಲ ನನ್ನದೇ ಕೈ.

ಅವನು ವೈಪರುಗಳನ್ನು ಬಿಚ್ಚಿ, ಮುಂಗಾಜಿನ ಬುಡದಲ್ಲಿದ್ದ ಕಪ್ಪು ಪ್ಲಾಸ್ಟಿಕ್ಕಿನ ಜಾಲರಿ ಎತ್ತಿದ. ಕೆಳಗೆ ಒಂದು ತೋಡಿನ ಹಾಗಿತ್ತು. ಅದರಲ್ಲಿ ನೀರು ನಿಂತಿತ್ತು, ನೀರಿನಲ್ಲಿ ಕಪ್ಪು ಗೊಜ್ಜು. ನಾನು ಅವನ ಕೈಗಳನ್ನೇ ನೋಡುತ್ತಿದ್ದೆ. ಬೇರೆ ಕಾರಿನ ಕಸವನ್ನು ತೋರಿಸಿ ಮೋಸ ಮಾಡುವವರಿದ್ದಾರೆ ಎಂದು ಕೇಳಿದ್ದೆ. ಅವನು ಗೊಜ್ಜನ್ನು ಹಳೆಯ ಪೇಪರಿನ ಮೇಲೆ ಹರಡಿದ. ಸೇವಂತಿಗೆಯ ತೊಟ್ಟುಗಳು, ಮಲ್ಲಿಗೆಯ ನೂಲು, ಬಾಳೆನಾರು, ಅರಸಿನದ ಬಣ್ಣ ಇನ್ನೂ ಉಳಿದಿದ್ದ ಎಲೆಯ ತುಂಡು. ಹಿಂಗಾರದ, ಎಂದರೆ ಅಡಿಕೆಯ ಹೂಗೊನೆಯ, ಕಾಳುಗಳು ಕೊಳೆತು ಅನ್ನದಗುಳಿನ ಹಾಗೆ ಅಂಟಿಕೊಂಡಿದ್ದವು. ನಾಗನಿಗೆ ಹಾಕುವ ಹಿಂಗಾರ ಅದು, ಪಂಚಮಿಯಂದು ಮನೆಯ ನಾಗಬನದಿಂದ ಬಂದದ್ದು.

"ನೀರು ಹೋಗುವ ತೂತು ಹೂವಿನಲ್ಲೇ ಕಟ್ಟಿದೆ," ಎಂದ. "ಪ್ರಸಾದವಾ ಅಕ್ಕ?"

ಆಗಲೇ ಆ ಗೊಜ್ಜಿನಲ್ಲಿ ನನಗೆ ಮುಳ್ಳೊಂದು ಕಾಣಿಸಿತು. ನಡುವೆ ಒಂದು ಕಡ್ಡಿ, ಎರಡೂ ಬದಿಗೆ ಸಣ್ಣ ಸಣ್ಣ ಮೊನೆ. "ಅದು ನೋಡಿ, ಮೀನಿನ ಮುಳ್ಳು!" ಎಂದು ಕೂಗಿಬಿಟ್ಟೆ. ನನ್ನ ಧ್ವನಿಯಲ್ಲಿದ್ದದ್ದು ಸಂತೋಷ. ಇಲಿ ತಂದಿರಬಹುದು, ಕಾಗೆ ಹಾಕಿರಬಹುದು, ಹೇಗಾದರೂ ಇರಲಿ, ಒಂದು ಮುಳ್ಳು ಇದ್ದರೆ ಸಾಕಾಗಿತ್ತು ನನಗೆ.

ಅವನು ಅದನ್ನು ಎತ್ತಿ ಬೆರಳುಗಳ ನಡುವೆ ಬಗ್ಗಿಸಿದ. ಅದು ಹಸಿ ನಾರಿನ ಹಾಗೆ ಬಗ್ಗಿತು. "ಹಿಂಗಾರದ ಕಡ್ಡಿ ಅಕ್ಕ. ಕಾಳು ಉದುರಿದ ಮೇಲೆ ಹೀಗೇ ಕಾಣುದು." ಪೇಪರಿನ ಮೇಲೆ ಹಾಕಿ ಕೈ ಒರಸಿಕೊಂಡ.

ಪ್ರಸಾದದ ಹೂವನ್ನು ಕಾಲಿಗೆ ಸಿಗುವಲ್ಲಿ ಎಸೆಯುವಂತಿಲ್ಲ. ಮನೆಗೆ ತಂದರೆ ಮರದ ಬುಡಕ್ಕೆ ಹಾಕುತ್ತೇವೆ, ಬಾವಿಕಟ್ಟೆಯ ಮೇಲಿಡುತ್ತೇವೆ. ಬಸದಿಯಿಂದಲೋ ನಾಗಬನದಿಂದಲೋ ಕಾರಿಗೆ ಬಂದ ಹೂವನ್ನು ಬಾನೆಟ್ಟಿನ ಮೇಲೆ ಇಟ್ಟರೆ ರಸ್ತೆಯಲ್ಲಿ ಹಾರಿ ಬೀಳುತ್ತದೆ, ಯಾರೋ ತುಳಿಯುತ್ತಾರೆ. ಅದಕ್ಕೇ ಗಾಜಿನ ಬುಡದ ಜಾಲರಿಯ ಸಂದಿಯಲ್ಲಿ ಸಿಕ್ಕಿಸುವುದು. ಅಮ್ಮ ಹಾಗೆ ಸಿಕ್ಕಿಸುತ್ತಿರುವುದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಬಾಗಿದ ಬೆನ್ನು, ಬಳೆಗಳ ಸದ್ದು, ಬಾಯಲ್ಲಿ ಮಂತ್ರ. ರಿಪೇರಿಯವನ ಅಂಗಡಿಯೆದುರು ನಿಂತು ತಪ್ಪನ್ನು ಅಮ್ಮನ ಮೇಲೆ ಹಾಕಲು ನಾನು ತಯಾರಾಗಿದ್ದೆ. ಆಗ ಕಾರಿನ ಎತ್ತರ ನೋಡಿದೆ. ಹೂವೆಲ್ಲ ಇದ್ದದ್ದು ಗಾಜಿನ ನಡುವಿನಲ್ಲಿ, ಎರಡು ವೈಪರುಗಳ ಮಧ್ಯೆ. ಅಮ್ಮನಿಗೆ ಐದಡಿಯೂ ಇಲ್ಲ. ಎಷ್ಟು ಚಾಚಿದರೂ ಅವಳ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಅವಳು ಹೂವನ್ನು ನನ್ನ ಕೈಗೆ ಕೊಡುತ್ತಿದ್ದಳು. ಹಾರದ ಹಾಗೆ, ಬೆರಳಿನಿಂದ ಒತ್ತಿ ಒತ್ತಿ ಒಳಗೆ ತುರುಕುತ್ತಿದ್ದವಳು ನಾನು.

ಅವನು ತಂತಿಯಿಂದ ತೂತು ಬಿಡಿಸಿದ, ನೀರು ಬಿಟ್ಟು ತೊಳೆದ, ಡ್ಯಾಶ್‌ಬೋರ್ಡಿನ ಹಿಂದಿದ್ದ ಫಿಲ್ಟರ್ ಬದಲಾಯಿಸಿದ. ಅದೂ ಕಪ್ಪಾಗಿತ್ತು. ಗಾಳಿಯನ್ನು ತಂಪು ಮಾಡುವ ಕಾಯಿಲ್‌ಗೆ ತೊಳೆಯುವ ನೊರೆ ಹೊಡೆದ. "ಇಳಿಯುವ ಐದು ನಿಮಿಷ ಮೊದಲು ಎ.ಸಿ. ಬಂದ್ ಮಾಡಿ, ಫ್ಯಾನ್ ಮಾತ್ರ ತಿರುಗ್ಲಿ. ಒಳಗಿನ ಚಂಡಿ ಒಣಗ್ತದೆ. ಈ ಸೆಂಟ್ ತೆಗ್ದು ಬಿಸಾಡಿ. ಮೀಯದೆ ಪೌಡರ್ ಹಾಕಿದ ಹಾಗೆ ಅದು."

ಪೇಪರಿನ ಗೊಜ್ಜನ್ನು ಏನು ಮಾಡಲಿ ಎಂದು ಕೇಳಿದ. ಕಟ್ಟಿ ಕೊಡಿ ಎಂದೆ. ಕೊಳೆತಿದ್ದರೂ ಪ್ರಸಾದ, ಅವನ ಕಸದ ಡಬ್ಬಿಗೆ ಹಾಕಲು ಮನಸ್ಸು ಬರಲಿಲ್ಲ. ಅಣ್ಣನ ಮನೆಗೆ ಒಯ್ದು ತೆಂಗಿನ ಬುಡಕ್ಕೆ ಹಾಕಿ ಅಮ್ಮನಿಗೆ ತೋರಿಸಿದೆ.

ಅಮ್ಮ ದೂರದಿಂದಲೇ ನೋಡಿದಳು. "ಪ್ರಸಾದ ನಾರ್ಲಿಕ್ಕಿಲ್ಲ," ಎಂದಳು. "ಅದರ ಮೇಲೆ ಬೇರೆ ಎಂತದೋ ಬಿದ್ದಿರಬೇಕು."

ಸೋಮವಾರ ಗಣಿತದ ಟೀಚರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಮಂಗಳವಾರ, ಫಿಲ್ಟರ್ ಹಾಳಾಗಿತ್ತು, ಸರಿಯಾಯಿತು, ಬನ್ನಿ ಎಂದರೆ ಸಾಕು ಎಂದು ಲೆಕ್ಕ ಹಾಕಿದೆ. ಯಾರ ಹೆಸರೂ ಇಲ್ಲದ ವಾಕ್ಯ, ಸುಳ್ಳೂ ಅಲ್ಲ. ಬುಧವಾರ ಅವರು ರಜೆ. ಗುರುವಾರ ಮೆಟ್ಟಿಲ ಬಳಿ ಎದುರಾದಾಗ ಅವರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು, ನಾನು ದಾರಿ ಬಿಟ್ಟೆ. ಶುಕ್ರವಾರ ಸಂಜೆ ಶಾಲೆಯ ಎದುರಿನ ಬಸ್ ಸ್ಟ್ಯಾಂಡಿನ ಸಿಮೆಂಟು ಬೆಂಚಿನಲ್ಲಿ ಅವರು ಕೂತಿದ್ದಾಗ ಕಾರು ನಿಲ್ಲಿಸಿ ಇಳಿದೆ.

"ಟೀಚರ್, ಆ ವಾಸನೆ ಎಂತದ್ದು ಅಂತ ಗೊತ್ತಾಯ್ತು."

"ಯಾವ ವಾಸನೆ ಮೇಡಂ?"

"ಕಾರಿನದ್ದು. ಗಾಜಿನ ಕೆಳಗೆ ಹೂ ಕೊಳೆತಿತ್ತು. ಪ್ರಸಾದದ ಹೂ. ನಾನೇ ಸಿಕ್ಕಿಸಿದ್ದು."

"ಒಳ್ಳೇದಾಯ್ತು. ಕಾರು ಸರಿಯಾಯ್ತಲ್ಲ."

"ಸೋಮವಾರದಿಂದ ಬನ್ನಿ."

ಅವರು ನನ್ನನ್ನು ನೋಡಿದರು. "ನಾನು ವಾಸನೆಗೆ ಹೆದರಿ ಬಿಟ್ಟದ್ದಾ? ವಾಸನೆ ನನಗೂ ಬರ್ತಿತ್ತು. ನಾನು ಎಂತ ಎಣಿಸಿದ್ದು ಗೊತ್ತುಂಟಾ? ನಿಮ್ಮದು ಅಂತ."

"ನನ್ನದಾ?"

"ಮತ್ತೆ? ಕಾರಲ್ಲಿ ಇನ್ನು ಯಾರಿದ್ದಾರೆ? ಪಾಪ, ಮಳೆಗೆ ಬಟ್ಟೆ ಒಣಗುದಿಲ್ಲ, ಅರ್ಧ ಚಂಡಿಯದ್ದೇ ಉಟ್ಟು ಬರ್ತಾರೆ ಅಂತ ಎಣಿಸಿದೆ. ಮೂರು ವಾರ ಕಿಂಡಿ ತಿರುಗಿಸಿಕೊಂಡು ಕೂತೆ. ಒಂದು ಶಬ್ದ ಹೇಳಿದ್ನಾ?"

ನಾನು ಇಲ್ಲ ಎಂದೆ.

"ನೀವು ನನ್ನ ಸೀಟು ಮೂಸಿದ್ದು ನಾನು ನೋಡಿದ್ದೇನೆ. ಒಂಬತ್ತನೇ ಕ್ಲಾಸಿನ ಕಿಟಕಿಯಿಂದ. ಹಿಂದೆ ಮಕ್ಕಳಿದ್ರು, ಅವರು ನೋಡ್ಬಾರ್ದು ಅಂತ ಕಿಟಕಿ ಹಾಕಿದೆ." ಅವರ ಧ್ವನಿ ಏರಲಿಲ್ಲ, ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗಿನ ಧ್ವನಿಯೇ ಅದು. "ಯಾವ ಮೀನು ಅಂತ ಎಣಿಸಿದ್ರಿ? ಅದಾದ್ರೂ ಹೇಳಿ."

ನನಗೆ ಗೊತ್ತಿದ್ದ ಹೆಸರೇ ಒಂದೋ ಎರಡೋ. "ಬೂತಾಯಿ," ಎಂದೆ.

"ಬೂತಾಯಿಯನ್ನು ಯಾರಾದ್ರೂ ಶಾಲೆಗೆ ತರ್ತಾರಾ! ಅದರ ಮುಳ್ಳು ತೆಗಿಲಿಕ್ಕೆ ಮಧ್ಯಾಹ್ನ ಪುರುಸೊತ್ತು ಯಾರಿಗುಂಟು?" ಎಂದರು. ಒಂದು ಕ್ಷಣ ನಗು ಬಂದ ಹಾಗಾಯಿತು, ಅದನ್ನು ಅವರು ತಡೆದರು. "ಜೂನ್‌ನಿಂದ ನಾನು ಬುತ್ತಿಗೆ ಮೀನೇ ಹಾಕಿಲ್ಲ. ನಿಮ್ಮ ಕಾರಲ್ಲಿ ಬರ್ಲಿಕ್ಕುಂಟಲ್ಲ ಅಂತ. ಹರಿವೆ, ಹೆಸರುಕಾಳು, ತೊಂಡೆಕಾಯಿ. ಮನೆಯವರು ತಮಾಷೆ ಮಾಡ್ತಾರೆ, ನೀನು ಬಸದಿಗೆ ಸೇರಿದ್ದಾ ಅಂತ. ಒಂದು ದಿನ ನೀವು ನಮ್ಮ ಮೇಜಿನ ಕಡೆ ತಿರುಗಿ ನೋಡಿದ್ರೆ ಗೊತ್ತಾಗ್ತಿತ್ತು."

ಕ್ಷಮಿಸಿ ಎಂದು ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೇಳಿರುತ್ತೇನೆ ಎಂದು ಬರೆದರೆ ಅದು ನನ್ನ ಪರವಾಗಿ ನಾನೇ ಹೇಳುವ ಸಾಕ್ಷಿ. ನೆನಪಿರುವುದು ಇಷ್ಟು: ಅರ್ಜಿ ಕೊಟ್ಟಿದ್ದೀರಾ ಎಂದು ಕೇಳಿದೆ.

"ಬರೆದಿಟ್ಟಿದ್ದೇನೆ, ಕೊಟ್ಟಿಲ್ಲ. ಕೊಡುವ ಮನಸ್ಸಿಲ್ಲ ನನಗೆ. ಮಗಳ ಓದು ಮುಗಿಲಿಲ್ಲ ಇನ್ನೂ." ದೂರದಲ್ಲಿ ಬಸ್ಸು ಕಾಣಿಸಿತು. ಅವರು ಬೆಂಚಿನ ಅಂಚು ಹಿಡಿದು ಎದ್ದರು, ಕೈ ಕೊಡಲು ಹೋದೆ, ಹಿಡಿಯಲಿಲ್ಲ. "ಬರ್ತೇನೆ ಸೋಮವಾರ. ನನ್ನ ಕಾಲಿಗಾಗಿ ಬರ್ತೇನೆ. ಆದರೆ ಬುತ್ತಿ ನನ್ನ ಮಡಿಲಲ್ಲೇ ಇರ್ತದೆ. ಅದರಲ್ಲಿ ನನಗೆ ಬೇಕಾದ್ದು ಇರ್ತದೆ. ಆಗ್ತದಾ?"

"ಆಗ್ತದೆ."

"ಅಮ್ಮನನ್ನು ಕೇಳಿ ಹೇಳಿ," ಎಂದು ಬಸ್ಸು ಹತ್ತಿದರು. ಅಮ್ಮ ಮೀನು ಎಂದದ್ದನ್ನು ನಾನು ಅವರಿಗೆ ಹೇಳಿರಲೇ ಇಲ್ಲ.

ಸೋಮವಾರ ಬೆಳಿಗ್ಗೆ ಪುಂಜಾಲಕಟ್ಟೆಯಲ್ಲಿ ಅವರು ಹತ್ತಿದರು. ಸೀಟು ಹಿಂದಕ್ಕೆ ಸರಿಸಿ, ಕಾಲು ಎತ್ತಿ ಒಳಗಿಟ್ಟು, ಬಟ್ಟೆಯ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡರು. ಮಳೆ ಇರಲಿಲ್ಲ. ಎ.ಸಿ.ಯ ಗಾಳಿ ಯಾವ ವಾಸನೆಯೂ ಇಲ್ಲದೆ ಬರುತ್ತಿತ್ತು. ಒಂದು ನಿಮಿಷದ ನಂತರ ಇನ್ನೊಂದು ವಾಸನೆ ಬಂತು: ಕಾಯಿಮೆಣಸು, ಹುಳಿ, ಅದರ ಕೆಳಗೆ ಸಮುದ್ರದ ಕಡೆಯ ಎಂತದೋ. ಹಿಂದೆ ನನಗೆ ಬರುತ್ತಿದ್ದ ವಾಸನೆಗೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ.

"ಬರ್ತದಾ?" ಎಂದು ಕೇಳಿದರು, ರಸ್ತೆಯನ್ನೇ ನೋಡುತ್ತಾ.

ಇಲ್ಲ ಎನ್ನುವುದು ಸುಲಭವಿತ್ತು. "ಬರ್ತದೆ," ಎಂದೆ.

"ಜಾಸ್ತಿಯಾ?"

"ಸ್ವಲ್ಪ."

"ಕಿಟಕಿ ತೆಗಿಬೇಕಾ?"

"ಬೇಡ."

ಅವರು ತಲೆಯನ್ನು ಸೀಟಿಗೆ ಒರಗಿಸಿ ಕಣ್ಣು ಮುಚ್ಚಿಕೊಂಡರು. ಮಡಂತ್ಯಾರು ದಾಟಿತು. ನಿದ್ದೆ ಹೋಗಿದ್ದರೋ, ಅಥವಾ ಮುಚ್ಚಿದ ಕಣ್ಣಿನ ಹಿಂದಿನಿಂದ ನಾನು ಏನು ಮಾಡುತ್ತೇನೆಂದು ಕಾಯುತ್ತಿದ್ದರೋ ತಿಳಿಯಲಿಲ್ಲ. ಬೆಳ್ತಂಗಡಿಯವರೆಗೂ ನಾನು ಕಿಂಡಿಯನ್ನೂ ಕಡ್ಡಿಯನ್ನೂ ಮುಟ್ಟದೆ ಎರಡೂ ಕೈಗಳನ್ನು ಸ್ಟೇರಿಂಗಿನ ಮೇಲೆಯೇ ಇಟ್ಟುಕೊಂಡೆ.